ವರ್ಷಕ್ಕೊಂದು ರಸೀದಿ

ಯಲಹಂಕ
19 ಜನವರಿ 2025

ಪ್ರೀತಿಯ ಅಕ್ಕನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ಅವ್ವನ ಮಂಡಿ ನೋವು ಹೇಗಿದೆ? ಭಾವ ಸಕ್ಕರೆ ಬಿಟ್ಟರಾ, ಇಲ್ಲ ನಿನ್ನ ಕಣ್ಣು ತಪ್ಪಿಸಿ ಬೇಕರಿಗೆ ಹೋಗುವುದು ಇನ್ನೂ ನಡೆದಿದೆಯಾ?

ಎಂದಿನ ಹಾಗೆ ಮೋನಿಷಾಳ ಫೀಸಿನ ರಸೀದಿಯ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಒಂಬತ್ತನೇ ತರಗತಿ, ಬಿ ಸೆಕ್ಷನ್. ಹೋದ ವರ್ಷ ಇದ್ದ ಸ್ಕೂಲ್ ಬಸ್ಸಿನ ಸಾಲು ಈ ಸಲ ಇಲ್ಲ ನೋಡು. ಈಗ ಅವಳು ನನ್ನ ಗಾಡಿಯ ಹಿಂದೆ ಕೂರಲೂ ಒಪ್ಪುವುದಿಲ್ಲ, ಸೈಕಲ್ಲಿನಲ್ಲಿ ಹೋಗುತ್ತಾಳೆ. ಕೆಳಗೆ ಬ್ಯಾಸ್ಕೆಟ್‌ಬಾಲ್ ಎಂದು ಹೊಸದೊಂದು ಸಾಲು ಸೇರಿದೆ. ಅಂದರೆ ಎತ್ತರ ಎಷ್ಟಿರಬಹುದು ಎಂದು ನೀನೇ ಲೆಕ್ಕ ಹಾಕಿಕೋ.

ಫೋಟೋ ಕಳಿಸಬೇಡ ಎಂದವಳು ನೀನು. ಫೋನು ಮಾಡಿದರೆ ಹಿಂದಿನಿಂದ ಅವಳ ದನಿ ಕೇಳಿಸುತ್ತದೆ, ಆಮೇಲೆ ಎರಡು ದಿನ ಊಟ ಸೇರುವುದಿಲ್ಲ ಎಂದವಳೂ ನೀನೇ. ನಾವು ಬರುತ್ತೇವೆ ಎಂದು ತಿಳಿದರೆ ನೀನು ಮದುವೆಮನೆಗೂ ಬರುವುದಿಲ್ಲ. ಅವ್ವ ಅವಳನ್ನು ನನ್ನ ಮಡಿಲಿಗೆ ಹಾಕಿಸಿದಾಗ ನಿನಗೆ ಹೇಳಿದ ಮಾತು ನನಗೂ ನೆನಪಿದೆ: "ಕೊಟ್ಟಮ್ಯಾಗೆ ಇಂದಕ್ಕೆ ತಿರುಗಿ ನೋಡಬ್ಯಾಡ." ಅದಕ್ಕೇ ಮುಖವಿಲ್ಲದ ಈ ರಸೀದಿ. ಮಗು ಹೇಗೆ ಬೆಳೆಯುತ್ತಿದೆ ಎಂದು ತಿಳಿಸಲು ನನಗೆ ಬೇರೆ ದಾರಿ ತೋಚಿಲ್ಲ.

ಉತ್ತರವನ್ನು ನಾನು ಪಾಠ ಮಾಡುವ ಶಾಲೆಯ ವಿಳಾಸಕ್ಕೇ ಬರೆ. ಮನೆಯಲ್ಲಿ ಪೋಸ್ಟು ತೆಗೆದುಕೊಳ್ಳುವವಳು ಅವಳು.

ನಿನ್ನ ತಂಗಿ,
ಸಂಯುಕ್ತಾ


ಬಾಗಲಗುಂಟೆ
2 ಫೆಬ್ರವರಿ 2025

ಚಿ. ಸಂಯುಕ್ತಾಗೆ ನೀಲಕ್ಕನ ಆಶೀರ್ವಾದ.

ಕಾಗದ ಬಂತು. ಬ್ಯಾಸ್ಕೆಟ್‌ಬಾಲ್ ಅಂದರೆ ಬುಟ್ಟಿಗೆ ಚೆಂಡು ಹಾಕುವುದು ತಾನೆ? ಅವ್ವನಿಗೆ ಓದಿ ಹೇಳಿದೆ. "ಬುಟ್ಟೀಗೆ ತಳ ಇಲ್ವಂತಲ್ಲಮ್ಮಿ, ಅಂಗಾರೆ ಚೆಂಡು ನಿಲ್ಲೋದೆಲ್ಲಿ?" ಅಂತ ಕೇಳಿತು. ಟೀಚರಮ್ಮ ನೀನು, ನೀನೇ ಬರೆ.

ಒಂದು ಕೆಲಸ ಆಗಬೇಕಿತ್ತು ಕಣೇ. ನೀನು ವರ್ಷಾ ವರ್ಷಾ ಕಳಿಸುವ ರಸೀದಿಯನ್ನು ನಿಮ್ಮ ಭಾವ ಫ್ಯಾಕ್ಟರಿಯ ಆಫೀಸಿಗೆ ಕೊಡುತ್ತಾರಲ್ಲ, ಟ್ಯಾಕ್ಸು ಕಡಿಮೆ ಮಾಡಿಸಿಕೊಳ್ಳಲು. ಇಲ್ಲಿಯವರೆಗೆ ರಸೀದಿ ಒಂದೇ ಸಾಕಾಗಿತ್ತು. ಈ ವರ್ಷ ಆಫೀಸಿನಲ್ಲಿ ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ, ಭಾರಿ ಕಟ್ಟುನಿಟ್ಟು. "ಸರ್, ನಿಮ್ಮ ಅಕೌಂಟಿಂದ ದುಡ್ಡು ಹೋಗಿರೋ ಪ್ರೂಫ್ ತಗೊಂಬನ್ನಿ" ಅಂದಳಂತೆ. ಇವರು ನಗುತ್ತಾ, "ನಮ್ಮ ನಾದಿನಿ ಕಟ್ತಾರಮ್ಮಾ, ನಾವ್ ನಾವೇ ನೋಡ್ಕೋತೀವಿ" ಅಂದರಂತೆ. ಅವಳು ನಗಲಿಲ್ಲವಂತೆ.

ನಿನ್ನ ಬ್ಯಾಂಕಿನಿಂದ ಒಂದು ಚೀಟಿ ಕಳಿಸುತ್ತೀಯಾ? ಪ್ರತಿ ವರ್ಷ ಮರೆಯದೆ ಕಳಿಸುವ ನಿನ್ನ ಬುದ್ಧಿಯನ್ನು ನಿಮ್ಮ ಭಾವ ಎಷ್ಟು ಹೊಗಳುತ್ತಾರೆ ಗೊತ್ತಾ? "ನಮಗೆ ಉಪಯೋಗ ಆಗ್ಲಿ ಅಂತ ಬಾಯಿ ಬಿಟ್ಟು ಹೇಳ್ದೆ ಕಳಿಸ್ತಾಳೆ ನೋಡು, ಅದು ದೊಡ್ಡತನ" ಅನ್ನುತ್ತಾರೆ.

ನಿನ್ನ ಅಕ್ಕ,
ನೀಲಾ


ಯಲಹಂಕ
16 ಫೆಬ್ರವರಿ 2025

ಅಕ್ಕಾ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಬೆಲ್ ಹೊಡೆದದ್ದು ಕೇಳಿಸಲಿಲ್ಲ. ಮಕ್ಕಳೇ ಬಂದು ಕರೆದರು.

ನಾನು ರಸೀದಿ ಕಳಿಸಿದ್ದು ಅದಕ್ಕಲ್ಲ ಅಕ್ಕ. ನೀನು ನೋಡಲಿ ಎಂದು. ಅದೇ ರಸೀದಿಯನ್ನು ನಾನೂ ನಮ್ಮ ಶಾಲೆಯ ಆಫೀಸಿಗೆ ಕೊಡುತ್ತೇನೆ. ಮಕ್ಕಳ ಫೀಸು ಕಟ್ಟಿದರೆ ಅಷ್ಟು ಆದಾಯದ ಮೇಲೆ ತೆರಿಗೆ ಇಲ್ಲ. ನನಗೆ ಸಿಗುವ ದೊಡ್ಡ ಆಸರೆ ಅದು. ನಮ್ಮ ಮನೆಯವರು ತೀರಿಹೋದ ಮೇಲೆ ಒಂದೇ ಸಂಬಳದಲ್ಲಿ ಮನೆ ಸಾಲ ಮತ್ತು ಅವಳ ಓದು ಎರಡನ್ನೂ ನಿಭಾಯಿಸುವುದಕ್ಕೆ ಅದೂ ಒಂದು ಕಾರಣ. ಅಂದರೆ ಇಷ್ಟು ವರ್ಷ ಒಂದೇ ಮಗುವನ್ನು ಎರಡು ಮನೆಯವರು ನಮ್ಮ ಮಗಳು ಎಂದು ತೋರಿಸಿದ್ದೇವೆ.

ನಿನ್ನೆ ಆರ್‌.ಟಿ. ನಗರಕ್ಕೆ ಹೋಗಿದ್ದೆ. ನನ್ನ ಹಳೆಯ ವಿದ್ಯಾರ್ಥಿ ಗುರುಚರಣ್ ಈಗ ಆಡಿಟರ್. ಎದ್ದು ನಿಂತು ಕುರ್ಚಿ ಕೊಟ್ಟ.

"ಫೀಸ್ ಕಟ್ಟೋದು ಯಾರು ಮಿಸ್?"

"ನಾನೇ."

"ಮಗು?"

"ನಂದೇ."

"ಪೇಪರ್ ಮೇಲೆ?"

ಹುಟ್ಟಿದ ಸರ್ಟಿಫಿಕೇಟಿನಲ್ಲಿ ನಿನ್ನ ಹೆಸರು, ಭಾವನ ಹೆಸರು ಇರುವುದನ್ನು ಹೇಳಿದೆ. ಅವಳನ್ನು ಶಾಲೆಗೆ ಸೇರಿಸಿದಾಗ ಹೆಡ್‌ಮಿಸ್ ಆಗಿದ್ದ ಮುಸರ್ರತ್ ಮೇಡಂ ನನ್ನ ಬಾಯಿ ಮಾತಿನ ಮೇಲೆ ನನ್ನ ಹೆಸರು ಬರೆದುಕೊಂಡದ್ದನ್ನೂ ಹೇಳಿದೆ. ಅವನು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ.

"ಸ್ವಂತ ಮಗು ಆಗಿರ್ಬೇಕು, ಇಲ್ಲಾ ದತ್ತು ಆಗಿರ್ಬೇಕು. ದುಡ್ಡೂ ಅವ್ರೇ ಕಟ್ಟಿರ್ಬೇಕು. ಇಲ್ಲಿ ಕಟ್ಟಿರೋರಿಗೆ ಮಗು ಇಲ್ಲ, ಮಗು ಇರೋರು ಕಟ್ಟಿಲ್ಲ. ಇಬ್ರಿಗೂ ಬರಲ್ಲ ಮಿಸ್."

"ಎಲೆ ಅಡಿಕೆ ಇಟ್ಟು, ನಾಲ್ಕು ಜನರ ಮುಂದೆ ಮಡಿಲಿಗೆ ಹಾಕಿದ್ದು ಕಣಪ್ಪಾ" ಎಂದೆ. ಪಾಪ, ಅವನು ತಲೆ ತಗ್ಗಿಸಿದ. ಉತ್ತರ ಗೊತ್ತಿಲ್ಲದಾಗ ಕ್ಲಾಸಿನಲ್ಲೂ ಹಾಗೇ ಮಾಡುತ್ತಿದ್ದ.

ಒಂದು ದಾರಿ ಇದೆಯಂತೆ. ನೀನು ಮತ್ತು ಭಾವ ಬಂದು ದತ್ತುಪತ್ರಕ್ಕೆ ಸಹಿ ಹಾಕಿ ರಿಜಿಸ್ಟರ್ ಮಾಡಿಸಿದರೆ ಅವಳು ಕಾಗದದ ಮೇಲೂ ನನ್ನ ಮಗಳಾಗುತ್ತಾಳೆ. ಆದರೆ ಹದಿನೈದು ತುಂಬುವುದರೊಳಗೆ ಆಗಬೇಕು. ಆಮೇಲೆ ಬಲು ಕಷ್ಟವಂತೆ. ಆಗಸ್ಟ್ ಒಂಬತ್ತಕ್ಕೆ ತುಂಬುತ್ತದೆ.

ಟ್ಯಾಕ್ಸು ಹಾಳಾಗಲಿ ಅಕ್ಕ. ಅವನು "ಪೇಪರ್ ಮೇಲೆ?" ಎಂದು ಕೇಳಿದಾಗಿನಿಂದ ನನಗೆ ನೆಲವೇ ಸಿಗುತ್ತಿಲ್ಲ. ಬಂದು ಸಹಿ ಹಾಕಿಕೊಡು.

ನಿನ್ನ
ಸಂಯುಕ್ತಾ


ಬಾಗಲಗುಂಟೆ
9 ಮಾರ್ಚ್ 2025

ಸಂಯು,

ಬೇಗ ಬರೆಯಬೇಕೆಂದಿದ್ದೆ. ಇಲ್ಲಿ ಮನೆ ಮನೆಯಾಗಿರಲಿಲ್ಲ.

ನಿನ್ನ ಕಾಗದ ಓದಿ ನಿಮ್ಮ ಭಾವ ಕೂತಲ್ಲೇ ಕೂತುಬಿಟ್ಟರು. ನಾನು ಜಗಳ ತೆಗೆದೆ. "ಕಟ್ಟದ ಫೀಸಿಗೆ ಯಾಕೆ ಬರ್ಕೊಟ್ರಿ?" ಅಂತ. ಅವರು ಅಂದರು, "ದುಡ್ಡು ಉಳೀತದೆ, ಇಲ್ಲ ಅನ್ನಲ್ಲ. ಆದ್ರೆ ಆ ಫಾರಂನಲ್ಲಿ ಮಕ್ಕಳ ಹೆಸ್ರು ಬರೀಬೇಕು ಕಣೇ. ದೊಡ್ಡವರಿಬ್ರ ಜೊತೆ ಮೂರನೇದೂ ಬರೀಬೋದಿತ್ತು. ವರ್ಷಕ್ಕೊಂದ್ಸಲ ಬರೀತಿದ್ದೆ." ಎದ್ದು ಒಲೆ ಹಚ್ಚಿದೆ.

ಸಹಿ ಹಾಕಲು ಅವರಿಗೆ ಮನಸ್ಸಿಲ್ಲ ಅಂತಲ್ಲ. ತೊಡಕು ತಾರೀಖಿನದು. ಮಗುವನ್ನು 2011ರಲ್ಲೇ ಕೊಟ್ಟೆವು ಅಂತ ನಿಜ ಬರೆದರೆ, ಆಮೇಲಿನ ವರ್ಷಗಳಲ್ಲಿ ನನ್ನ ಮಗಳು ಅಂತ ಇವರು ಆಫೀಸಿಗೆ ಬರೆದುಕೊಟ್ಟದ್ದೆಲ್ಲ ಸುಳ್ಳು ಅಂತ ಸರ್ಕಾರದ ಕಾಗದದಲ್ಲೇ ಒಪ್ಪಿಕೊಂಡಂತೆ. ರಿಟೈರಿಗೆ ಎರಡು ವರ್ಷ ಇದೆ. ಇವತ್ತು ಕೊಡುತ್ತಿದ್ದೇವೆ ಅಂತ ಬರೆದರೆ ಇವರು ಹೇಗೋ ತಪ್ಪಿಸಿಕೊಳ್ಳಬಹುದು, ಆದರೆ ನೀನು ಇಷ್ಟು ವರ್ಷ ಬರೆದುಕೊಟ್ಟದ್ದು ಸುಳ್ಳಾಗುತ್ತದೆ. ಯಾವ ತಾರೀಖು ಹಾಕಿದರೂ ಒಬ್ಬರ ಕತ್ತಿಗೆ ಬರುತ್ತದೆ.

ಅವ್ವನಿಗೆ ಹೇಳಿದರೆ ಹಳೆಯ ಕಥೆ ತೆಗೆಯಿತು. ನಮ್ಮ ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಎರಡು ಮನೆಗೆ ಸೇರಿದ ಒಂದು ಕರು ಇತ್ತಂತೆ. ಬೆಳಿಗ್ಗೆ ಈ ಮನೆ ಹುಲ್ಲು, ಸಂಜೆ ಆ ಮನೆ ಬೂಸ. ದನ ಎಣಿಸುವ ಅಮಲ್ದಾರ ಬಂದು ಕಂದಾಯ ಕೇಳಿದಾಗ ಇಬ್ಬರೂ ನಮ್ಮದಲ್ಲ ಅಂದರಂತೆ. ಯಾರದೂ ಅಲ್ಲದ್ದು ದೊರೆಯದು ಅಂತ ಹಗ್ಗ ಬಿಚ್ಚಿಕೊಂಡು ಹೊರಟೇಬಿಟ್ಟನಂತೆ. "ಆಮ್ಯಾಕೆ?" ಅಂದೆ. "ಆಮ್ಯಾಕೇನು, ಇಬ್ರೂ ಬೇಲಿ ತಾವ ನಿಂತ್ಕಂಡು ಅತ್ರು" ಅಂದಿತು. ನೀನು ಚಿಕ್ಕವಳಿದ್ದಾಗ ಅದೇ ಕಥೆಯಲ್ಲಿ ಕರು ತಪ್ಪಿಸಿಕೊಂಡು ಬರುತ್ತಿತ್ತಲ್ಲ? ಕೇಳಿದರೆ, "ಅದು ಅವ್ಳಿಗೆ ನಿದ್ದೆ ಬರ್ಲಿ ಅಂತ ಏಳಿದ್ದು" ಅನ್ನುತ್ತದೆ.

ಏನು ಮಾಡಬೇಕೋ ತಿಳಿಯುತ್ತಿಲ್ಲ.

ನೀಲಾ


ಯಲಹಂಕ
20 ಏಪ್ರಿಲ್ 2025

ಅಕ್ಕಾ,

ಇವತ್ತಿನ ತಾರೀಖನ್ನೇ ಹಾಕಿಸೋಣ. ಇಷ್ಟು ವರ್ಷ ನಾನು ತಾಯಿಯಲ್ಲ ಎಂದು ನಾನೇ ಸಹಿ ಹಾಕುತ್ತೇನೆ. ಹಿಂದಿನದರಲ್ಲಿ ತಿದ್ದಬಹುದಾದಷ್ಟನ್ನು ತಿದ್ದಿ, ಬಡ್ಡಿ ಸೇರಿಸಿ ತೆರಿಗೆ ಕಟ್ಟಲು ಗುರುಚರಣ್‌ಗೆ ಹೇಳಿದ್ದೇನೆ. ಭಾವನೂ ಹಾಗೇ ಮಾಡಲಿ, ಹೆದರುವುದು ಬೇಡ. ಈ ವಿಷಯಕ್ಕೆ ಅವರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ಎರಡು ವಾರ ಪ್ರಯತ್ನಪಟ್ಟೆ, ಆಗಲಿಲ್ಲ. ಮೂರನೇ ಹೆಸರು ಬರೆಯುತ್ತಿದ್ದೆ ಎಂದರಲ್ಲ, ಅಲ್ಲಿಗೆ ನನ್ನ ಕೋಪ ಇಳಿದುಹೋಯಿತು.

ಆದರೆ ಗುರುಚರಣ್ ತೋರಿಸಿದ ವಕೀಲರು ಇನ್ನೊಂದು ಮಾತು ಹೇಳಿದರು. ಇವತ್ತು ಎಂದು ಬರೆದ ಮೇಲೆ ಕೊಡುವುದು, ತೆಗೆದುಕೊಳ್ಳುವುದು ನಿಜವಾಗಿ ಇವತ್ತೇ ಆಗಬೇಕಂತೆ. ನೀನು ಬರಬೇಕು. ನಿನ್ನ ಕೈಯಿಂದಲೇ ಕೊಡಬೇಕು. ಅವಳೂ ಅಲ್ಲಿರಬೇಕು.

ಅಂದರೆ ಅವಳಿಗೆ ಹೇಳಬೇಕು. ಬೇಸಿಗೆ ರಜೆ ಇದೆ. ಯಾವ ದಿನ ಹೇಳಲಿ ಎಂದು ದಿನಾ ನೋಡುತ್ತಿದ್ದೇನೆ.

ಸಂಯುಕ್ತಾ


ಯಲಹಂಕ
15 ಜೂನ್ 2025

ಅಕ್ಕಾ,

ನಿನ್ನಿಂದ ಉತ್ತರವಿಲ್ಲ. ಆದರೂ ಬರೆಯುತ್ತಿದ್ದೇನೆ.

ಹೇಳಿದೆ. ಹೋದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಅವಳು ಮಾವಿನಹಣ್ಣು ತಿನ್ನುತ್ತಿದ್ದಾಗ. ಹೇಳಬೇಕಾದ್ದನ್ನು ಚೆನ್ನಾಗಿ ಜೋಡಿಸಿಟ್ಟುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ನಾನು, ಆದರೂ ಮೊದಲು ಬಾಯಿಗೆ ಬಂದದ್ದು ಆಡಿಟರ್, ರಸೀದಿ, ಹದಿನೈದು ವರ್ಷ, ಇವೇ. ನಿನ್ನ ವಿಷಯ ಬಂದದ್ದು ಕೊನೆಗೆ.

ಅವಳು ಚೀಪುತ್ತಿದ್ದ ಓಟೆಯನ್ನು ತಟ್ಟೆಯಲ್ಲಿಟ್ಟಳು. "ಟ್ಯಾಕ್ಸ್‌ಗೋಸ್ಕರ ನನ್ನ ಅಡಾಪ್ಟ್ ಮಾಡ್ಕೋತಿದೀಯಾ ಅಮ್ಮಾ?" ಎಂದಳು.

"ಇಲ್ಲ ಕಣೇ, ನೀನು ಆಗ್ಲಿಂದಾನೇ ನನ್ನ ಮಗಳು" ಎಂದೆ.

"ಮತ್ತೆ ಈಗ್ಯಾಕೆ?"

ಇದಕ್ಕೆ ನಾನು ಕೊಟ್ಟ ಉತ್ತರ ನನಗೇ ಸರಿ ಕಾಣಲಿಲ್ಲ ಅಕ್ಕ. ಎಷ್ಟು ಹೇಳಿದರೂ ಮಾತು ತಿರುಗಿ ಟ್ಯಾಕ್ಸಿಗೇ ಬಂದು ನಿಲ್ಲುತ್ತಿತ್ತು. ಅವಳು ಅಳಲಿಲ್ಲ. ಕೈ ತೊಳೆದುಕೊಂಡು ಬಂದು, "ಅವ್ರು ಎಲ್ಲಿರ್ತಾರೆ?" ಎಂದಳು. ಬಾಗಲಗುಂಟೆ ಎಂದೆ. "ಫಾರಿನ್ನೇನೋ ಅನ್ಕೊಂಡೆ. ಒಂದೂವರೆ ಗಂಟೆ ಬಸ್ಸು ಅಷ್ಟೇನಾ?" ಎಂದು ರೂಮಿಗೆ ಹೋದಳು.

ಅವತ್ತಿನಿಂದ ನಾನು ಏನು ಹೇಳಿದರೂ "ಓಕೆ" ಎನ್ನುತ್ತಾಳೆ. ಎದುರು ಮಾತನಾಡುತ್ತಿದ್ದ ಹುಡುಗಿ ಈಗ ಬಹಳ ಒಳ್ಳೆಯವಳಾಗಿದ್ದಾಳೆ. ನನಗೆ ಭಯವಾಗುತ್ತದೆ.

ದಯವಿಟ್ಟು ಬಾ.

ಸಂಯುಕ್ತಾ


ಬಾಗಲಗುಂಟೆ
3 ಜುಲೈ 2025

ಸಂಯು,

ಬರುತ್ತೇವೆ. ಆಗಸ್ಟ್ ನಾಲ್ಕು, ಸೋಮವಾರ. ನಿಮ್ಮ ಭಾವ ರಜೆ ಹಾಕಿದ್ದಾರೆ. ಅವ್ವನೂ ಹೊರಟಿದೆ, "ಆವತ್ತೂ ನಾನೇ ನಿಂತಿದ್ದೆ, ಈವತ್ತೂ ನಾನೇ ನಿಲ್ತೀನಿ" ಅಂತ.

ಏನು ಉಟ್ಟುಕೊಂಡು ಬರಲಿ?

ನೀಲಾ


ಬಾಗಲಗುಂಟೆ
12 ಆಗಸ್ಟ್ 2025

ತಂಗಿ ಸಂಯುಕ್ತಾಗೆ,

ನೀನು ಬರೆಯುವುದಿಲ್ಲ ಅಂತ ಗೊತ್ತು. ನಾನೇ ಬರೆಯುತ್ತೇನೆ. ಅವತ್ತು ನೀನು ಕಿಟಕಿಯ ಹತ್ತಿರ ರಿಜಿಸ್ಟರ್ ಮಾಡಿಸುವ ಫೀಸು ಕಟ್ಟುತ್ತಿದ್ದೆ, ಎಲ್ಲವನ್ನೂ ನೋಡಲಿಲ್ಲ.

ನಾವು ಮೆಟ್ಟಿಲು ಹತ್ತಿ ಬಂದಾಗ ರಿಜಿಸ್ಟ್ರಾರ್ ಆಫೀಸಿನಲ್ಲಿ ಸೈಟು ಮಾರುವವರು, ಕೊಳ್ಳುವವರು, ಮದುವೆ ನೋಂದಣಿಗೆ ಬಂದ ಒಂದು ಜೋಡಿ. ಅವರ ನಡುವೆ ಬೆಂಚಿನಲ್ಲಿ ಒಬ್ಬ ಉದ್ದನೆ ಹುಡುಗಿ. ಅವ್ವನನ್ನು ನೋಡಿ ಎದ್ದು ಜಾಗ ಬಿಟ್ಟಳು. ನನ್ನ ಕಡೆ ತಿರುಗಿ, "ನೀವೂ ಕೂತ್ಕೊಳಿ ಆಂಟಿ" ಅಂದಳು. ನಾನು ಯಾರು ಅಂತ ತಿಳಿದೇ ಅಂದಳು ಅನ್ನಿಸುತ್ತದೆ. ಪಾಪ, ಬೇರೆ ಏನಂತ ಕರೆಯಬೇಕು? ನಾನು ಕೂತೆ. ಅವಳ ಕೈ ನೋಡುತ್ತಾ ಕೂತೆ. ಉಗುರು ಕಚ್ಚುವ ಅಭ್ಯಾಸ ಇದೆ ಅಲ್ಲವಾ? ನೀನು ಅದನ್ನು ಯಾವತ್ತೂ ಬರೆದಿರಲಿಲ್ಲ.

ಕಾಗದ ಬರೆಯುವವನು ದತ್ತುಪತ್ರವನ್ನು ಓದಿ ಹೇಳಿದ. ನಿಮ್ಮ ಭಾವ ಸಹಿ ಹಾಕಿ, ಹೆಬ್ಬೆಟ್ಟಿಟ್ಟು, ಕ್ಯಾಮೆರಾ ಮುಂದೆ ಕೂತು ಎದ್ದರು. ನನ್ನ ಸರದಿ ಬಂತು. ಆಫೀಸರು ಒಳ್ಳೆಯವರು, ಕನ್ನಡಕ ಮೇಲೆತ್ತಿ ಕೇಳಿದರು: "ನೋಡಮ್ಮಾ, ಇವತ್ತು ಈ ಮಗೂನ ನಿಮ್ಮ ತಂಗಿಗೆ ಕೊಡ್ತಿದೀನಿ ಅಂತ ಬರ್ದಿದೆ. ಇಲ್ಲೀವರ್ಗೂ ನಿಮ್ಮ ಮಗಳು, ಇವತ್ತಿಂದ ಅವ್ರ ಮಗಳು. ಇಷ್ಟಪಟ್ಟು ಕೊಡ್ತಿದೀರಾ?"

ಹೌದು ಅನ್ನಬೇಕಿತ್ತು. ಮನೆಯಿಂದ ಹೊರಟಾಗಿನಿಂದ ಬಾಯಲ್ಲಿ ಅದನ್ನೇ ಇಟ್ಟುಕೊಂಡಿದ್ದೆ. ಆದರೆ ಅವರು ಇಲ್ಲೀವರ್ಗೂ ನಿಮ್ಮ ಮಗಳು ಅಂದುಬಿಟ್ಟರಲ್ಲ ಸಂಯು. ನಿನ್ನೆಯವರೆಗೂ ನನ್ನವಳಾಗಿದ್ದಳಂತೆ. ಸರ್ಕಾರವೇ ಹೇಳುತ್ತಿದೆ. ಹದಿನಾಲ್ಕು ವರ್ಷ ನನ್ನ ಮಗಳಾಗಿದ್ದವಳನ್ನು ನಾನು ಒಂದು ದಿನವೂ ಹೋಗಿ ನೋಡಲಿಲ್ಲ. ಜ್ವರ ಬಂದಾಗ ಬರಲಿಲ್ಲ, ಮೈನೆರೆದಾಗ ಬರಲಿಲ್ಲ. ಮೊದಲನೇ ಸಲ ಕಣ್ಣೆದುರು ಕಂಡ ದಿನವೇ ಕೊಟ್ಟೆ ಅನ್ನಬೇಕು. ಅದೂ ಅವಳು ಕೇಳಿಸಿಕೊಳ್ಳುತ್ತಿರುವಾಗ.

ಆಗ ಕೊಟ್ಟದ್ದು ಸುಲಭವಾಗಿತ್ತು ಅಂತಲ್ಲ. ಆದರೆ ಆಗ ನಿನ್ನ ಮುಖ ನೋಡಿ ಕೊಟ್ಟೆ. ಈ ಸಲ ಅವಳ ಮುಖ ಎದುರಿಗಿತ್ತು.

ಎದ್ದು ಬಂದುಬಿಟ್ಟೆ. ಕೆಳಗೆ ನಿಮ್ಮ ಭಾವ ಬೈದರು, ಆಮೇಲೆ ಅವರೇ ಎಳನೀರು ಕುಡಿಸಿದರು. ಮನೆ ಹತ್ತಿರ ಬಂದಾಗ ಅವ್ವ, "ನಂದೇ ತಪ್ಪು ಕಣಮ್ಮಿ. ನೋಡಬ್ಯಾಡ ಅನ್ಬಾರ್ದಾಗಿತ್ತು" ಅಂದಿತು.

ಒಂಬತ್ತನೇ ತಾರೀಖು ಕಳೆಯಿತು. ನಡುವೆ ನಾಲ್ಕು ದಿನ ಇತ್ತು. ನೀನು ಮತ್ತೆ ಕೇಳಲಿಲ್ಲ. ನಾನೂ ಬರುತ್ತೇನೆ ಅನ್ನಲಿಲ್ಲ. ನಿನ್ನ ಮಗಳನ್ನು ನಾನು ಕಿತ್ತುಕೊಳ್ಳುವುದಿಲ್ಲ ಕಣೇ, ಹಾಗೆ ಮಾತ್ರ ತಿಳಿಯಬೇಡ. ನನ್ನ ಹತ್ತಿರವೂ ಇಲ್ಲ ಅವಳು. ಸಹಿ ಹಾಕಲು ಆಗಲಿಲ್ಲ, ಅಷ್ಟೇ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ನಿನ್ನ ಅಕ್ಕ,
ನೀಲಾ


ಯಲಹಂಕ
10 ಸೆಪ್ಟೆಂಬರ್ 2025

ಅಕ್ಕಾ,

ನಿನ್ನ ಕಾಗದವನ್ನು ಬಹಳ ದಿನ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದೆ. ಬೈದು ಬರೆಯಲು ಕೂತೆ, ಹಾಳೆ ಹರಿದೆ. ಕ್ಷಮಿಸಿ ಬರೆಯಲು ಕೂತೆ, ಅದನ್ನೂ ಹರಿದೆ. ನಿನ್ನ ಜಾಗದಲ್ಲಿ ನಾನಿದ್ದರೆ ಹೌದು ಅನ್ನುತ್ತಿದ್ದೆನೇ ಎಂದು ಯೋಚಿಸಬಾರದೆಂದು ತೀರ್ಮಾನಿಸಿದ್ದೇನೆ.

ಮತ್ತೆ ಯಾಕೆ ಕೇಳಲಿಲ್ಲ ಎಂದು ನೀನು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಅವತ್ತು ಮೆಟ್ಟಿಲಿಳಿಯುವಾಗ ಮೋನಿಷಾ, "ಬಿಡಮ್ಮಾ, ಅವ್ರನ್ನ ಇನ್ನೊಂದ್ಸಲ ಕರೀಬೇಡ" ಎಂದಳು. ಅದು ನಿನ್ನ ಮೇಲಿನ ಕರುಣೆಯೋ, ನನ್ನ ಮೇಲಿನ ಸಿಟ್ಟೋ ತಿಳಿಯಲಿಲ್ಲ. ಮನೆಗೆ ಬಂದು ದೋಸೆ ಹುಯ್ದಳು, ನನಗೂ ಹಾಕಿದಳು.

ವಕೀಲರು ಬೇರೆ ದಾರಿ ಹೇಳುತ್ತಾರೆ. ಹದಿನೈದು ದಾಟಿದವರನ್ನೂ ದತ್ತು ಕೊಡುವುದು ನಮ್ಮ ಕಡೆಯ ಪದ್ಧತಿ ಎಂದು ಸಾಬೀತು ಮಾಡಬೇಕಂತೆ, ಕೋರ್ಟು, ಸಾಕ್ಷಿ. ಅವ್ವನನ್ನು ಕಟಕಟೆ ಹತ್ತಿಸುವುದು ನನ್ನಿಂದಾಗದು. ಮೋನಿಷಾಳ ಹತ್ತನೆಯ ತರಗತಿಯ ಪರೀಕ್ಷೆಯ ಅರ್ಜಿಗೆ ಹುಟ್ಟಿದ ಸರ್ಟಿಫಿಕೇಟಿನಲ್ಲಿ ಇರುವ ಹೆಸರುಗಳೇ ಹೋಗುತ್ತವೆ. ಈಗಿನ ಹೆಡ್‌ಮಿಸ್ ಬಾಯಿ ಮಾತು ಕೇಳುವವರಲ್ಲ. ತಾಯಿ: ನೀಲಾ. ನಾನೇ ದಪ್ಪ ಅಕ್ಷರದಲ್ಲಿ ತುಂಬಿಕೊಟ್ಟೆ.

ನಿನ್ನೆ ಈ ವರ್ಷದ ತೆರಿಗೆ ಲೆಕ್ಕ ಸಲ್ಲಿಸಿದೆ. ಎರಡು ಪದ್ಧತಿ ಇವೆ ಅಕ್ಕ. ಹಳೆಯದರಲ್ಲಿ ಮಕ್ಕಳ ಫೀಸಿಗೆ ರಿಯಾಯಿತಿ ಉಂಟು, ಆದರೆ ಮಗು ಯಾರದೆಂದು ಹೇಳಬೇಕು. ಹೊಸದರಲ್ಲಿ ಆ ರಿಯಾಯಿತಿ ಇಲ್ಲ. ನಾನು ಹೊಸದಕ್ಕೆ ಹೋದೆ. ಮನೆ ಸಾಲದ ಬಡ್ಡಿಗೆ ಸಿಗುತ್ತಿದ್ದದ್ದೂ ಜೊತೆಗೆ ಹೋಯಿತು. "ಲಾಸ್ ಆಗತ್ತೆ ಮಿಸ್" ಎಂದು ಗುರುಚರಣ್ ಫೋನಿನಲ್ಲಿ ಎರಡು ಸಲ ಹೇಳಿದ. ಆಗಲಿ ಎಂದೆ.

ಮೋನಿಷಾ ಪಕ್ಕದಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ತುಂಬಿಕೊಟ್ಟಳು. ನನ್ನ ಹೆಸರು, ಸಂಬಳ, ಬ್ಯಾಂಕು. ಪುಟಗಳನ್ನು ಮೇಲೆ ಕೆಳಗೆ ಮಾಡಿ ಏನನ್ನೋ ಹುಡುಕಿದಳು.

"ಇದ್ರಲ್ಲಿ ನನ್ ಬಗ್ಗೆ ಎಲ್ಲೂ ಕೇಳೇ ಇಲ್ವಲ್ಲಮ್ಮಾ?"

"ಇಲ್ಲ ಕಣೇ. ಇದ್ರಲ್ಲಿ ಮಕ್ಕಳ ವಿಷ್ಯ ಕೇಳಲ್ಲ."

"ಒಳ್ಳೇದಾಯ್ತು ಬಿಡು" ಎಂದು ಸಬ್‌ಮಿಟ್ ಒತ್ತಿಬಿಟ್ಟಳು.

ಯಾರಿಗೆ ಒಳ್ಳೆಯದಾಯಿತು ಎಂದು ನಾನು ಕೇಳಲಿಲ್ಲ ಅಕ್ಕ.

ಸಂಯುಕ್ತಾ